ಪುಸ್ತಕ ಮುಗೀತು, ಥ್ಯಾಂಕ್ಸ್ ಬಾಕಿ ಇತ್ತು

ಅಮೆರಿಕದ ಜೀವನಚರಿತ್ರೆಗಾರ್ತಿ ಫಾನ್ ಬ್ರೋಡಿ ಬಗ್ಗೆ ಬರೀತಿದ್ದ ಕನ್ನಡ ಪುಸ್ತಕದ ಕರಡು ಕೊನೆಗೂ ಪ್ರಕಾಶಕರಿಗೆ ಹೋಯ್ತು. ನಡುವೆ ನಾನು ಆಸ್ಪತ್ರೆ ಸೇರಿದ ಕಥೆ ನಿಮಗೆಲ್ಲಾ ಗೊತ್ತು, ಅದನ್ನೇ ಮತ್ತೆ ಕೊರೆಯಲ್ಲ. ಯೂಟಾ ವಿಶ್ವವಿದ್ಯಾಲಯದ ಮ್ಯಾರಿಯಟ್ ಲೈಬ್ರರಿಯಲ್ಲಿ ಬ್ರೋಡಿ ಕಾಗದಪತ್ರದ ಡಬ್ಬಿಗಳನ್ನ ಬೇಸರಿಸದೆ ತಂದುಕೊಟ್ಟವರು, ಮೈಸೂರಿಂದ ಪ್ರೂಫ್ ನೋಡಿದ ಗೆಳೆಯರು, ಸಾರು-ಪಲ್ಯ ಕಳಿಸಿದ ಸಾಲ್ಟ್ ಲೇಕ್ ಕನ್ನಡದವರು, ಫೋನಲ್ಲಿ ತಾನೂ ಅತ್ತು ನನ್ನನ್ನೂ ಅಳಿಸಿದ ಅಕ್ಕ, ಎಲ್ಲರಿಗೂ ಒಟ್ಟಿಗೇ ಥ್ಯಾಂಕ್ಸ್, ಬೇಜಾರು ಮಾಡ್ಕೋಬೇಡಿ.

ಯಾಕಂದ್ರೆ ಪಕ್ಕದ್ಮನೆ ಅಜ್ಜಿ ಬಗ್ಗೆ ಹೇಳೋದು ಜಾಸ್ತಿ ಇದೆ.

ಅಜ್ಜಿ ಪಕ್ಕಾ ಮಾರ್ಮನ್ (ಅಮೆರಿಕದಲ್ಲೇ ಹುಟ್ಟಿದ ಒಂದು ಕ್ರೈಸ್ತ ಪಂಥ). ಬ್ರೋಡಿ ಹೆಸರೆತ್ತಿದ್ರೆ ಆಗಲ್ಲ. ಬ್ರೋಡಿ ಯೂಟಾದ ಹಂಟ್ಸ್‌ವಿಲ್ ಹಳ್ಳಿಯ ದೊಡ್ಡ ಮಾರ್ಮನ್ ಮನೆತನದ ಹುಡುಗಿ, 1945ರಲ್ಲಿ ಆ ಪಂಥ ಹುಟ್ಟುಹಾಕಿದ ಜೋಸೆಫ್ ಸ್ಮಿತ್ ಜೀವನಚರಿತ್ರೆ ಬರೆದು, ಆತ ದೇವರು ಕಳಿಸಿದ ಪ್ರವಾದಿ ಅಲ್ಲ, ಅಪಾರ ಕಲ್ಪನಾಶಕ್ತಿ ಇದ್ದ ಮನುಷ್ಯ ಅಂದ್ಲು, ಮರುವರ್ಷ ಚರ್ಚ್ ಬಹಿಷ್ಕಾರ ಹಾಕ್ತು, ಆಗ ಚರ್ಚಿನ ಎಲ್ಲರಿಗಿಂತ ಮೇಲಿನ ಮೂವರು ಮುಖಂಡರಲ್ಲಿ ಒಬ್ಬರು ಆಕೆಯ ಸ್ವಂತ ದೊಡ್ಡಪ್ಪ ಡೇವಿಡ್ ಮೆಕೇ (1951ರಲ್ಲಿ ಅಧ್ಯಕ್ಷರೇ ಆದ್ರು). ಗಂಡ ಬರ್ನಾರ್ಡ್, ಸೋದರಮಾವ ಡೀನ್ ಬ್ರಿಮ್‌ಹಾಲ್ ಬೆನ್ನಿಗೆ ನಿಂತ್ರು.

ನಾನು ಆಸ್ಪತ್ರೆಲಿದ್ದ ಆ ರಾತ್ರಿ ನಮ್ಮನೆಯವ್ರು ಇಂಡಿಯಾದಲ್ಲಿ, ಫ್ಲೈಟ್ ಇಲ್ಲ. ಬಂದು ಕೂತಿದ್ದು ಅಜ್ಜಿ, ಬೆಳಗಿನವರೆಗೂ, ಸೊಂಟ ನೋವಿಟ್ಕೊಂಡು ಆ ಗಟ್ಟಿ ಕುರ್ಚಿ ಮೇಲೆ. ನಾನು ಏನೇನೋ ಬಡಬಡಿಸ್ತಿದ್ದೆನಂತೆ, ಅಮೆರಿಕದ ಅಧ್ಯಕ್ಷನಾಗಿದ್ದ ನಿಕ್ಸನ್ ಬಗೆಗಿನ ಅಧ್ಯಾಯ ಬರೆದಿಲ್ಲ, ಬ್ರೋಡಿನೂ ನಿಕ್ಸನ್ ಪುಸ್ತಕ ಬರೀತಾನೇ ಕ್ಯಾನ್ಸರ್‌ನಲ್ಲಿ ಹೋದ್ಲು, 1981ರಲ್ಲಿ, ಅಚ್ಚಾಗಿದ್ದು ನೋಡಲಿಲ್ಲ, ನಾನೂ ಹಂಗೇ ಹೋಗ್ತೀನಿ ಅಂತ. ನಿಜವಾಗ್ಲೂ ಹೆದರಿದ್ದೆ ಕಣ್ರೀ. ಅಜ್ಜಿ ಪ್ರಾರ್ಥನೆ ಮಾಡ್ಕೊಂಡ್ರು, ಆಮೇಲೆ "ನಿನ್ನ ಪುಸ್ತಕ ನನಗಿಷ್ಟ ಇಲ್ಲ, ಆದ್ರೂ ಮುಗಿಸು" ಅಂದ್ರು.

ಬೆಳಿಗ್ಗೆ ಕಾಫಿ ಬೇಕು ಅಂದೆ. ಅವರ ಧರ್ಮದಲ್ಲಿ ಕಾಫಿ ನಿಷಿದ್ಧ, ಜನ್ಮದಲ್ಲಿ ಮುಟ್ಟಿದವರಲ್ಲ. ನರ್ಸ್ ಸ್ವಲ್ಪ ಕೊಡಬಹುದು ಅಂದಮೇಲೆ ಕ್ಯಾಂಟೀನಿಗೆ ಹೋಗಿ, ಸಕ್ಕರೆ ಎಷ್ಟು ಅಂತ ಗೊತ್ತಾಗದೆ ಒಂದು ಹಿಡಿ ಪ್ಯಾಕೆಟ್ ತಗೊಂಡು, ಲೋಟನ ಮೈಯಿಂದ ದೂರ ಹಿಡ್ಕೊಂಡು ಬಂದ್ರು. ಅವರ ಜಾಗದಲ್ಲಿ ನಾನಿದ್ರೆ ತರ್ತಿದ್ನಾ? ಅನುಮಾನ.

ಮೊನ್ನೆ ಅಜ್ಜಿಗೆ ಜೆಫರ್ಸನ್ (ಅಮೆರಿಕದ ಮೂರನೇ ಅಧ್ಯಕ್ಷ) ಅಧ್ಯಾಯ ಬಾಯಲ್ಲೇ ಹೇಳಿದೆ. ಆತನ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್ ಮಕ್ಕಳು ಜೆಫರ್ಸನ್‌ದೇ ಅಂತ 1974ರಲ್ಲಿ ಬ್ರೋಡಿ ಬರೆದಾಗ ದೊಡ್ಡ ದೊಡ್ಡ ಇತಿಹಾಸಕಾರರು ಆಡ್ಕೊಂಡಿದ್ರು, 1998ರ ಡಿಎನ್ಎ ಪರೀಕ್ಷೆ ಆಕೆ ಕಡೆಗೇ ವಾಲ್ತು. "ಅದೊಂದ್ರಲ್ಲಿ ಗೆದ್ಲು ಬಿಡು" ಅಂದ್ರು ಅಜ್ಜಿ. ಅವರ ಬಾಯಿಂದ ಅಷ್ಟು ಬಂದಿದ್ದೇ ಹೆಚ್ಚು. ನಾಳೆ ಅವರಿಗೆ ಚಿತ್ರಾನ್ನ ಮಾಡಿಕೊಡ್ಬೇಕು, ಹಸಿಮೆಣಸಿನಕಾಯಿ ಕಮ್ಮಿ ಹಾಕಿ.