ಚಿಕ್ಕಪ್ಪ ಬೇಡ ಅಂದಿದ್ದ ಪತ್ರ

ಪುಟ್ಟ,

ನಮ್ ಮನೆತನದ ಕಥೆ ಬರೆಯುವಾಗ ತಾತನ ಕಾಲದ ಜೀತದಾಳುಗಳ ವಿಷಯ ಹಾಕ್ಲಾ ಬೇಡ್ವಾ ಅಂತ ಕೇಳಿದ್ಯಲ್ಲ, ನಿಮ್ಮಪ್ಪ ಬೇಡ ಅಂತಿದಾನೆ ಅಂತಾನೂ ಅಂದೆ. ಅದಕ್ಕೆ ಮುಂಚೆ ಒಬ್ಬ ಜನರಲ್ ಕಥೆ ಕೇಳು, ಅಮೆರಿಕದ ಸಿವಿಲ್ ವಾರ್ (ಗುಲಾಮಗಿರಿ ಉಳಿಸ್ಬೇಕು ಅಂತಿದ್ದ ದಕ್ಷಿಣದ ರಾಜ್ಯಗಳಿಗೂ ಉತ್ತರಕ್ಕೂ ಆದ ಯುದ್ಧ) ಅಂದ್ರೆ ನಂಗೆ ಹುಚ್ಚು ಅಂತ ಗೊತ್ತಲ್ಲ, ಸಹಿಸ್ಕೋ.

ಜೇಮ್ಸ್ ಲಾಂಗ್‌ಸ್ಟ್ರೀಟ್, ದಕ್ಷಿಣದ ಕಡೆಯ ಜನರಲ್, ಹುಟ್ಟಿದ್ದು 1821ರಲ್ಲಿ ಸೌತ್ ಕೆರೊಲಿನಾದಲ್ಲಿ. ಓದೋಕೆ ಅಂತ ಜಾರ್ಜಿಯಾದ ಅಗಸ್ಟಾದಲ್ಲಿದ್ದ ಚಿಕ್ಕಪ್ಪನ ಮನೆಗೆ ಕಳಿಸಿದ್ರು, ಹುಡುಗ ಇನ್ನೂ ಚಿಕ್ಕವನಿರುವಾಗ್ಲೇ ಅಪ್ಪ ಕಾಲರಾದಲ್ಲಿ ಹೋದ. ಆ ಚಿಕ್ಕಪ್ಪ ಅಗಸ್ಟಸ್ ಸಾಮಾನ್ಯ ಆಸಾಮಿ ಅಲ್ಲ: ಲಾಯರು, ಜಡ್ಜು, ಪಾದ್ರಿ, ಹಾಸ್ಯ ಬರಹಗಾರ, ಆಮೇಲೆ ಕಾಲೇಜ್ ಪ್ರೆಸಿಡೆಂಟು, ಜೊತೆಗೆ ಗುಲಾಮಗಿರಿ ಸರೀನೇ ಅಂತ ವಾದ ಮಾಡೋ ಮನುಷ್ಯ. ಹುಡುಗ ಬೆಳೆದಿದ್ದು ಆ ಗಾಳೀಲೇ. ಓದಿನಲ್ಲಿ ಅಷ್ಟಕ್ಕಷ್ಟೆ, ವೆಸ್ಟ್ ಪಾಯಿಂಟ್ ಸೈನಿಕ ಕಾಲೇಜಲ್ಲಿ 56 ಜನರಲ್ಲಿ 54ನೇ ರ‍್ಯಾಂಕು! ಅಲ್ಲಿ ಸಿಕ್ಕ ಗೆಳೆಯ ಗ್ರಾಂಟ್, ಮುಂದೆ ಎದುರು ಸೈನ್ಯದ ದಂಡನಾಯಕ ಆದೋನು, ಮದ್ವೆ ಆಗಿದ್ದು ಲಾಂಗ್‌ಸ್ಟ್ರೀಟ್ ತಾಯಿ ಕಡೆ ಸಂಬಂಧದ ಹುಡುಗೀನ.

1862ರ ಜನವರೀಲಿ ರಿಚ್ಮಂಡ್‌ನಲ್ಲಿ ಸ್ಕಾರ್ಲೆಟ್ ಜ್ವರ ಬಂದು ಇವನ ಮೂರು ಮಕ್ಕಳು ಕೆಲವೇ ದಿನದಲ್ಲಿ ಒಂದಾದ್ಮೇಲೊಂದು ಹೋದ್ವು, ಅವನು ವಾಪಸ್ ಯುದ್ಧಕ್ಕೆ ಹೋದ, ಮೊದಲೆಲ್ಲಾ ಟೆಂಟಲ್ಲಿ ಇಸ್ಪೀಟು ನಗು ಅಂತಿದ್ದೋನು ಆಮೇಲೆ ಮಾತೇ ಕಮ್ಮಿ ಮಾಡ್ಬಿಟ್ಟ. ಮಾರನೇ ವರ್ಷ ಗೆಟಿಸ್‌ಬರ್ಗ್ ಕದನದಲ್ಲಿ ಎದುರಿಂದ ನುಗ್ಗೋದು ಬೇಡ ಅಂತ ತನ್ನ ದಂಡನಾಯಕ ಲೀಗೆ ಹೇಳ್ದ, ಲೀ ಕೇಳ್ಲಿಲ್ಲ, ಜನ ಸತ್ರು.

ಈಗ ವಿಷಯಕ್ಕೆ ಬರ್ತೀನಿ. 1867ರಲ್ಲಿ ಸೋತ ದಕ್ಷಿಣದಲ್ಲಿ ಕಪ್ಪು ಜನರಿಗೆ ಓಟು ಕೊಡೋ ಕಾನೂನು ಬಂತು, ಒಪ್ಕೊಳ್ಳೋಣ ಅಂತ ಪತ್ರಿಕೆಗೆ ಕಾಗದ ಬರೆದು ಇವನು ಮೊದ್ಲು ಚಿಕ್ಕಪ್ಪನ್ನ ಕೇಳ್ದ. ಪ್ರಿಂಟ್ ಆದ್ರೆ ಹಾಳಾಗ್ತೀಯ ಅಂದ ಮುದುಕ. ಇವನು ಕೊಟ್ಟೇಬಿಟ್ಟ, ಹಾಳೂ ಆದ. ನ್ಯೂ ಆರ್ಲಿಯನ್ಸ್‌ನಲ್ಲಿ ವ್ಯಾಪಾರ ಬಿತ್ತು, ದ್ರೋಹಿ ಅಂದ್ರು, ಲೀ ಸತ್ತ ಮೇಲೆ ಗೆಟಿಸ್‌ಬರ್ಗ್ ಸೋಲನ್ನೂ ತಂದು ಇವನ ತಲೆಗೇ ಕಟ್ಟಿದ್ರು. 1874ರಲ್ಲಿ ಅದೇ ಊರಲ್ಲಿ ಕಪ್ಪು ಸೈನಿಕರೂ ಇದ್ದ ಪಡೆ ಕಟ್ಕೊಂಡು ವೈಟ್ ಲೀಗ್ ಅನ್ನೋ ಬಿಳಿಯರ ಆಯುಧಧಾರಿ ಗುಂಪಿನ ಎದುರು ನಿಂತ, ಗಾಯ ಆಗಿ ಸೆರೆ ಸಿಕ್ಕ. ಹಾಗಂತ ದೇವರು ಮಾಡ್ಬೇಡ ಅವನನ್ನ, ಆ ಕಾಗದದಲ್ಲಿ ಪ್ರೀತಿಗಿಂತ ಲೆಕ್ಕಾಚಾರಾನೇ ಜಾಸ್ತಿ, ನಾವು ಒಪ್ಕೊಂಡ್ರೆ ಬಿಳಿಯರ ಕೈಲಿ ಹಿಡಿತ ಉಳಿಯತ್ತೆ ಅನ್ನೋ ಲೆಕ್ಕ. ಅದಕ್ಕೂ ಮುಂಚೆ ನಾಲ್ಕು ವರ್ಷ ಗುಲಾಮಗಿರಿ ಉಳಿಸೋ ಕಡೆಗೇ ಹೋರಾಡಿದೋನು.

ಆದ್ರೆ ನೋಡು, ಚಿಕ್ಕಪ್ಪ ಹೇಳಿದ್ದು ಅಕ್ಷರಶಃ ನಿಜ ಆಯ್ತು, ಆದ್ರೂ ಕಾಗದ ಬರೆದಿದ್ದು ತಪ್ಪಾಗಲಿಲ್ಲ. ನಿಮ್ಮಪ್ಪ ಹೇಳೋದೂ ನಿಜ, ನೆಂಟರು ಮಾತು ಬಿಡ್ತಾರೆ, ಅದಕ್ಕೆ ರೆಡಿ ಇದ್ರೆ ಹಾಕು. ಪ್ರಿಂಟಿಗೆ ಮುಂಚೆ ಅವನಿಗೆ ಓದಿಸು, ಕದ್ದು ಮಾಡ್ಬೇಡ. ಆ ಆಳುಗಳ ಮೊಮ್ಮಕ್ಕಳು ಇನ್ನೂ ಊರಲ್ಲೇ ಇದಾರೆ, ಅವರನ್ನ ಕೇಳ್ದೆ ಹೆಸರು ಬರೀಬೇಡ. ದಸರಾ ರಜಕ್ಕೆ ಬಾ, ಇಬ್ರೂ ಹೋಗಿ ಮಾತಾಡೋಣ, ಅಣ್ಣನಿಗೆ ನಾನು ಹೇಳ್ತೀನಿ.

ನಿನ್ನ ಚಿಕ್ಕಪ್ಪ