ಕೈಗುಣದ ಮಾತು ಬೇಡ, ಪುಟ್ಟಿ

ಹಿರಿಯೂರು

ಪ್ರೀತಿಯ ಪುಟ್ಟಿಗೆ,

ನಿನ್ನ ಪತ್ರ ಬಂತು. ಮಿಕ್ಕ ವಿಷಯ ನಿಮ್ಮಮ್ಮ ಫೋನಲ್ಲಿ ಹೇಳಿದ್ದಾಳೆ, ಬಿಡು. ಆದರೆ ಕೊನೆಗೆ ಬರೆದಿದ್ದೀಯಲ್ಲ, ‘ದೊಡ್ಡಮ್ಮ, ನನ್ನ ಕೈಗುಣವೇ ಸರಿಯಿಲ್ಲ ಅನ್ಸುತ್ತೆ, ಹಾಕಿದ್ದೆಲ್ಲ ಹಾಳಾಗುತ್ತೆ’ ಅಂತ. ಅದನ್ನು ಓದಿ ರಾತ್ರಿ ನಿದ್ದೆ ಬರಲಿಲ್ಲ. ಯಾರು ಹೇಳಿದರು ನಿನಗೆ ಹಾಗೆ?

ಟೊಮೆಟೊ ಹೂವು ಉದುರಿತು ಅಂದೆ. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಉದುರದೆ ಇರುತ್ತಾ? ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ಸೆಕೆ ಇಳಿಯದಿದ್ದರೆ ಟೊಮೆಟೊ ಕಾಯಿ ಕಚ್ಚೋದು ಕಷ್ಟ. ಎಲೆ ಮುದುರಿದ್ದು ಬಿಳಿನೊಣ ಹರಡುವ ರೋಗ ಇರಬೇಕು. ಗಿಡ ಅಲ್ಲಾಡಿಸಿ ನೋಡು, ಎಲೆಯಡಿಯಿಂದ ಹಿಟ್ಟು ಹಾರಿದ ಹಾಗೆ ಏಳುತ್ತವೆ. ಇದರಲ್ಲಿ ನಿನ್ನ ಕೈ ಎಲ್ಲಿ ಬಂತು?

ಈ ಮಾತು ನನಗೂ ಬಂದಿತ್ತು. ಮದುವೆಯಾದ ಹೊಸದರಲ್ಲಿ ಹಿತ್ತಲಲ್ಲಿ ಹೀರೆ ಬಳ್ಳಿ ಹಬ್ಬಿಸಿದ್ದೆ. ಮೈತುಂಬ ಹಳದಿ ಹೂವು, ಒಂದು ಕಾಯಿ ಇಲ್ಲ. ‘ಹೊಸ ಸೊಸೆ ಕೈ ಆಗಿಬರಲ್ಲ’ ಅಂದರು ಅಕ್ಕಪಕ್ಕದವರು. ಹೀರೆಯಲ್ಲಿ ಮೊದಲು ಬರೋದು ಬರೀ ಗಂಡು ಹೂವು. ಹೆಣ್ಣು ಹೂವಿನ ಹಿಂದೆ ಬೆರಳುದ್ದದ ಪುಟ್ಟ ಕಾಯಿ ಇರುತ್ತೆ, ಅದು ಆಮೇಲೆ ಬರುತ್ತೆ. ಇಷ್ಟನ್ನು ಆಗ ಯಾರೂ ಹೇಳಲಿಲ್ಲ. ಬಳ್ಳಿ ಕಿತ್ತು ಹಾಕಿದರು, ನಾನು ಸುಮ್ಮನೆ ನೋಡುತ್ತಾ ನಿಂತೆ. ಮಕ್ಕಳು ದೊಡ್ಡವರಾಗುವ ತನಕ ಮಣ್ಣು ಮುಟ್ಟಲಿಲ್ಲ. ಆ ವರ್ಷಗಳು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತೆ ಪುಟ್ಟಿ.

ನಮ್ಮ ವಾಣಿವಿಲಾಸ ಸಾಗರ ಅಣೆಕಟ್ಟು 1933ರಲ್ಲಿ ತುಂಬಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದಿದ್ದು 2022ರಲ್ಲಿ. ನಡುವೆ ಮಳೆ ಕೈಕೊಟ್ಟ ವರ್ಷ ಎಷ್ಟೋ. ಆಗೆಲ್ಲ ಶೇಂಗಾ, ಈರುಳ್ಳಿ ಒಣಗಿಸಿಕೊಂಡವರ ಕೈಗುಣ ಕೆಟ್ಟಿತ್ತು ಅಂತೀಯಾ?

ನೀನು ಓದಿದವಳು, ನಿನಗೆ ಹೇಳೋಕೆ ನಾನ್ಯಾರು. ಆದರೂ ನೀನು ಹೀರೆ ಹಾಕಿದರೆ, ಅದರ ಹೂವು ಸಂಜೆ ಅರಳುತ್ತೆ, ಆಗ ಒಂದು ಗಂಡು ಹೂವು ಕಿತ್ತು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ ನೋಡು. ಟೊಮೆಟೊ ಈಗ ಬೇಡ, ಮಳೆ ಹಿಡಿದ ಮೇಲೆ ಹಾಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ರಕ್ಷಕ್ ಅನ್ನೋ ಟೊಮೆಟೊ ತಳಿಯ ಬೀಜ ಸಿಕ್ಕರೆ ಒಳ್ಳೇದು, ಎಲೆ ಮುದುರೋದನ್ನು ತಡೆದುಕೊಳ್ಳುತ್ತೆ. ಬಿಳಿನೊಣಕ್ಕೆ ಬೇವಿನ ಬೀಜದ ಪುಡಿ ಲೀಟರ್ ನೀರಿಗೆ 50 ಗ್ರಾಂ ರಾತ್ರಿ ನೆನೆಸಿ, ಸೋಸಿ, ಚೂರು ಸೋಪು ಕಲಸಿ ಸಂಜೆ ಹೊತ್ತು ಎಲೆಯಡಿಗೆ ಹೊಡಿ. ನೀರು ಒಂದು ದಿನ ಜಾಸ್ತಿ, ಮೂರು ದಿನ ಇಲ್ಲ ಅಂತ ಮಾಡಬೇಡ, ಟೊಮೆಟೊ ತಳ ಕಪ್ಪಾಗುತ್ತೆ. ಇದೆಲ್ಲ ನಿನಗೆ ಗೊತ್ತಿದ್ದರೆ ಬೇಜಾರಾಗಬೇಡ.

ಮತ್ತೆ ಯಾರಾದರೂ ಕೈಗುಣ ಅಂದರೆ ನನಗೆ ಫೋನ್ ಕೊಡು, ನಾನೇ ಮಾತಾಡುತ್ತೇನೆ. ಮುಂದಿನ ತಿಂಗಳು ಬರುವಾಗ ಅವರೆ ಬೀಜ ತರುತ್ತೇನೆ. ನೀನೇ ಊರಬೇಕು, ಬೇರೆ ಯಾರ ಕೈಗೂ ಕೊಡಬೇಡ.

ನಿನ್ನ
ದೊಡ್ಡಮ್ಮ