ಥೀಸಿಸ್ ಮುಗೀತು, ಕೆಲವರಿಗೆ ಥ್ಯಾಂಕ್ಸ್ ಹೇಳುವುದಿದೆ

ಹೋದ ವಾರ ನನ್ನ ಪಿಎಚ್‌ಡಿ ವೈವಾ, ಅಂದರೆ ಕೊನೆಯ ಮೌಖಿಕ ಪರೀಕ್ಷೆ, ಮುಗಿಯಿತು. ಆರು ವರ್ಷ ಹಿಡಿಯಿತು. ಕೊಡಗಿನ ನಮ್ಮ ನಾಪೋಕ್ಲು ಸಂತೆಯಲ್ಲಿ ಯಾರು ಸಿಕ್ಕಿದರೂ ಒಂದೇ ಪ್ರಶ್ನೆ: "ಅಷ್ಟು ವರ್ಷ ಅದೇನು ಓದಿದ್ದು?" ಅದಕ್ಕೂ ಉತ್ತರ ಆಗಲಿ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ಮೊದಲ ಥ್ಯಾಂಕ್ಸ್ ನಮ್ಮ ಕಾಫಿ ಗೋದಾಮಿನ ಮಾಡಿಗೆ. ತಮಾಷೆಯಲ್ಲ. ಒಂದು ಕಕ್ಕಡದ (ಕೊಡವರ ಜೋರು ಮಳೆಯ ತಿಂಗಳು) ಗಾಳಿಗೆ ಅದರ ಶೀಟು ಹಾರಿ ತೋಟಕ್ಕೆ ಬಿತ್ತು. ಅಪ್ಪ ಎತ್ತಿಕೊಂಡು ಬಂದರು. ನಡುವೆ ಎಲ್ಲೂ ಹರಿದಿರಲಿಲ್ಲ, ತುಕ್ಕೂ ಹಿಡಿದಿರಲಿಲ್ಲ. ಸ್ಕ್ರೂ ಕೂತಿದ್ದ ತೂತುಗಳ ಸುತ್ತ ಮಾತ್ರ ನಕ್ಷತ್ರದ ಹಾಗೆ ಬಿರುಕು. ಮೇಲೆ ನೋಡಿದರೆ ಸ್ಕ್ರೂಗಳು ಜಪ್ಪಯ್ಯ ಅಂದರೂ ಅಲ್ಲಾಡದೆ ಅಲ್ಲೇ ಕೂತಿದ್ದವು. "ಹೋದ ವರ್ಷ ಗಾಳಿ ಇದಕ್ಕಿಂತ ಜೋರಿತ್ತಲ್ಲ, ಆಗ ಹೋಗದ್ದು ಈಗ್ಯಾಕೆ ಹೋಯ್ತು?" ಅಂತ ಅಪ್ಪ ಕೇಳಿದರು. ನಾನು ಆಗಷ್ಟೇ ಪಿಎಚ್‌ಡಿಗೆ ಸೇರಿದ್ದೆ. ಬಾಯಿ ಮುಚ್ಚಿಕೊಂಡಿದ್ದೆ.

ಈಗ ಹೇಳಬಲ್ಲೆ. ಹೋದ ವರ್ಷದ ಗಾಳಿಯೂ ಲೆಕ್ಕಕ್ಕೆ ಬರುತ್ತದೆ ಅಪ್ಪ. ಒಮ್ಮೆ ಎಳೆದರೆ ಏನೂ ಆಗದ ಭಾರ, ಸಾವಿರಾರು ಸಲ ಎಳೆದು ಬಿಟ್ಟರೆ ಲೋಹವನ್ನು ದಣಿಸುತ್ತದೆ. ದಣಿವು ಮೊದಲು ಕಾಣುವುದು ಶೀಟಿನ ನಡುವೆ ಅಲ್ಲ, ಜೋಡಿಸಿದ ಜಾಗದಲ್ಲಿ. 1974ರ ಕ್ರಿಸ್‌ಮಸ್ ದಿನ ಆಸ್ಟ್ರೇಲಿಯಾದ ಡಾರ್ವಿನ್‌ಗೆ ಟ್ರೇಸಿ ಚಂಡಮಾರುತ ಬಡಿದಾಗಲೂ ಎಷ್ಟೋ ಮನೆಗಳ ತೆಳು ಶೀಟು ಹೀಗೇ, ಸ್ಕ್ರೂ ಸುತ್ತ ಬಿರುಕು ಬಿಟ್ಟು ಹಾರಿಹೋಗಿತ್ತು.

ನನ್ನ ಕೆಲಸ ಕಾರಿನ ಅಲ್ಯೂಮಿನಿಯಂ ಶೀಟಿನ ಮೇಲೆ. ಉಕ್ಕಿನ ಮೂರನೇ ಒಂದು ಪಾಲು ತೂಕ, ಆದರೆ ವೆಲ್ಡಿಂಗ್‌ಗೆ ತುಂಬಾ ಹಟ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅದರ ಮೇಲಿನ ಆಕ್ಸೈಡ್ ಪದರ ಕರಗಲು 2000 ಡಿಗ್ರಿ ದಾಟಬೇಕು. ಅದಕ್ಕೇ ಸೆಲ್ಫ್ ಪಿಯರ್ಸಿಂಗ್ ರಿವೆಟ್, ಅಂದರೆ ತಾನೇ ತೂರಿಕೊಂಡು ಎರಡು ಶೀಟು ಜೋಡಿಸುವ ಮೊಳೆ. ತೂತು ಕೊರೆಯುವ ಕೆಲಸವೇ ಇಲ್ಲ. ಒತ್ತಿದರೆ ಮೇಲಿನ ಶೀಟನ್ನು ತೂರಿ, ಕೆಳಗಿನದರೊಳಗೆ ಕಾಲು ಅಗಲಿಸಿ ಕೂತುಬಿಡುತ್ತದೆ. ಆ ಜಾಯಿಂಟ್ ಎಷ್ಟು ಸಲದ ಎಳೆತ ತಡೆದೀತು ಅಂತ ಮೊದಲೇ ಹೇಳುವುದು, ಅಷ್ಟೇ ನನ್ನ ಥೀಸಿಸ್.

ಲ್ಯಾಬಿನ ಟೆಕ್ನಿಷಿಯನ್ ಅಣ್ಣನಿಗೆ ಎಷ್ಟು ಹೇಳಿದರೂ ಸಾಲದು. ಸೆಕೆಂಡಿಗೆ 20 ಸಲ ಎಳೆದರೂ 20 ಲಕ್ಷ ಸಲ ಆಗಲು ಸುಮಾರು 28 ಗಂಟೆ ಬೇಕು. ಎಷ್ಟೋ ರಾತ್ರಿ ಅವರು ಮೆಷಿನ್ ಪಕ್ಕದ ಬೆಂಚಿನ ಮೇಲೆ ಮಲಗಿದ್ದಾರೆ. ಮೂರನೇ ವರ್ಷ ನನ್ನ ಜಾಯಿಂಟ್‌ಗಳು ಲೆಕ್ಕಕ್ಕಿಂತ ತುಂಬಾ ಬೇಗ ಒಡೆಯತೊಡಗಿದವು. ನಾನು ಸೂತ್ರ ತಪ್ಪು ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ. ಅಣ್ಣ ಒಂದು ದಿನ ಬಗ್ಗಿ, ಸ್ಯಾಂಪಲ್ ಕಚ್ಚಿ ಹಿಡಿಯುವ ಮೆಷಿನ್ನಿನ ಹಿಡಿಕೆ ನೋಡಿ, "ಇಲ್ಲಿ ತುಂಡು ಇಟ್ಟಿಲ್ವಾ?" ಅಂದರು. ಸ್ಯಾಂಪಲ್‌ನಲ್ಲಿ ಒಂದು ಶೀಟು ಮೇಲೆ, ಒಂದು ಕೆಳಗೆ. ಹಿಡಿಯುವ ಕಡೆ ಶೀಟಿನಷ್ಟೇ ದಪ್ಪದ ತುಂಡು ಕೊಡದಿದ್ದರೆ ಎಳೆತ ಓರೆಯಾಗಿ ಜಾಯಿಂಟ್ ಜಾಸ್ತಿ ಬಾಗುತ್ತದೆ. ಹಿಡಿಕೆ ಬದಲಿಸಿದ ದಿನ ನಾನೇ ಮರೆತಿದ್ದೆ. 11 ಸ್ಯಾಂಪಲ್ ಕಸದ ಬುಟ್ಟಿಗೆ.

ಹನ್ನೊಂದೇ ಅಂತ ಗೊತ್ತಾಗಿದ್ದು ಅಪ್ಪನ ದೆಸೆಯಿಂದ. ಅಪ್ಪ ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟು ಲೆಕ್ಕದಲ್ಲಿ ಡೈರಿಗೆ ಬರೆಯುತ್ತಾರೆ. ಮಳೆ ಬರದ ದಿನವೂ ಸೊನ್ನೆ ಅಂತ ಬರೆಯುತ್ತಾರೆ. ಆ ಚಾಳಿ ನನಗೂ ಅಂಟಿದೆ. ಯಾವ ದಿನ ಯಾವ ಹಿಡಿಕೆ ಹಾಕಿದೆ ಅನ್ನುವುದೂ ನನ್ನ ಪುಸ್ತಕದಲ್ಲಿತ್ತು.

ಗೈಡ್‌ಗೆ ಥ್ಯಾಂಕ್ಸ್. ಗ್ರಾಫಿನ ಗೆರೆಗೆ ಸೇರದ ಚುಕ್ಕಿಯನ್ನು ಸುಮ್ನೆ ಅಳಿಸಲು ಒಮ್ಮೆಯೂ ಬಿಡಲಿಲ್ಲ. ಈ ವಿಷಯದಲ್ಲಿ ಹೇಳಿದ ಆಯಸ್ಸಿನ ಅರ್ಧಕ್ಕೂ ಎರಡು ಪಟ್ಟಿಗೂ ನಡುವೆ ಫಲಿತಾಂಶ ಬಂದರೆ ಒಳ್ಳೆಯ ಅಂದಾಜು ಅಂತಲೇ ಲೆಕ್ಕ. ಇದನ್ನು ಕೇಳಿ ಅಪ್ಪ, "ಹಾಗಾದ್ರೆ ಟಿವಿಯಲ್ಲಿ ಮಳೆ ಹೇಳೋರೇ ವಾಸಿ ಅಲ್ವಾ" ಅಂದರು.

ಕೊನೆಯ ಅಧ್ಯಾಯ ಮನೆಯಲ್ಲೇ ಬರೆದೆ. ನಾಲ್ಕು ದಿನ ಕರೆಂಟ್ ಇಲ್ಲದಾಗ ಜನರೇಟರ್‌ನಿಂದ ವಯರ್ ಎಳೆದುಕೊಟ್ಟ ಪಕ್ಕದ ತೋಟದವರಿಗೆ ಡೀಸೆಲ್ ದುಡ್ಡು ಕೊಡಲು ಹೋದರೆ ಬೈದು ಕಳಿಸಿದರು. ಕಕ್ಕಡ 18ಕ್ಕೆ ಅಮ್ಮ ಲ್ಯಾಪ್‌ಟಾಪ್ ಪಕ್ಕಕ್ಕೇ ಮದ್ದು ಸೊಪ್ಪಿನ ಪಾಯಸ ತಂದಿಟ್ಟರು. ಅದರ ನೇರಳೆ ಕಲೆ ಥೀಸಿಸ್ ಕರಡಿನ 112ನೇ ಪುಟದಲ್ಲಿ ಇನ್ನೂ ಇದೆ.

ಗೋದಾಮಿನ ಆ ಶೀಟಿನ ಬಿರುಕು ಬಿಟ್ಟ ತುಂಡನ್ನು ಕತ್ತರಿಸಿ ವೈವಾಗೆ ಒಯ್ದಿದ್ದೆ. ಪರೀಕ್ಷಕರು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಉಳಿದ ಶೀಟು ಈಗ ನಮ್ಮ ಕೋಳಿಗೂಡಿನ ಮೇಲಿದೆ. ಸ್ಕ್ರೂ ಹಾಕಿಲ್ಲ, ಅಪ್ಪ ನಾಲ್ಕು ಕಲ್ಲು ಹೇರಿದ್ದಾರೆ.